ಹೆಪಾರಿನ್, ವಾರ್ಫರಿನ್ ಮತ್ತು ಶ್ರಾವಕನ ವಿವೇಕ

ಹೃದಯದ ಶಸ್ತ್ರಚಿಕಿತ್ಸೆಯಲ್ಲಿಯೂ ಡಯಾಲಿಸಿಸ್‌ನಲ್ಲಿಯೂ ರಕ್ತವು ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ ಬಳಸುವ ಔಷಧ ಹೆಪಾರಿನ್. ಅಹಿಂಸಾವ್ರತವನ್ನು ಪಾಲಿಸುವ ಕುಟುಂಬಗಳು ಅದರ ಮೂಲವನ್ನು ಅರಿಯುವುದು ಉಚಿತ.

1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯಗಳನ್ನು ಪರೀಕ್ಷಿಸುತ್ತಿದ್ದರು. ಆಗ ಪ್ರಾಣಿಯ ಯಕೃತ್ತಿನ ಸಾರದಲ್ಲಿ ತದ್ವಿರುದ್ಧ ಗುಣವನ್ನು ಕಂಡರು. ಅವರ ಗುರು ವಿಲಿಯಂ ಹೋವೆಲ್ 1918ರಲ್ಲಿ, ಯಕೃತ್ತಿನ ಗ್ರೀಕ್ ಹೆಸರನ್ನು ಆಧರಿಸಿ, ಹೆಪಾರಿನ್ ಎಂಬ ನಾಮವನ್ನಿತ್ತರು. ಇಂದು ಅದನ್ನು ಮುಖ್ಯವಾಗಿ ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ. ಎನಾಕ್ಸಪಾರಿನ್ ಎಂಬ ಚುಚ್ಚುಮದ್ದು ಸಹ ಹೆಪಾರಿನ್‌ನಿಂದಲೇ ಆದುದು.

ವಾರ್ಫರಿನ್ ಮಾತ್ರೆಯ ಕಥೆ ಬೇರೆ. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ ಬೂಷ್ಟು ಹಿಡಿದ ಸಿಹಿ ಕ್ಲೋವರ್ ಹುಲ್ಲನ್ನು ತಿಂದ ದನಗಳು ರಕ್ತಸ್ರಾವದಿಂದ ಸತ್ತವು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬನು ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ಕಾರ್ಲ್ ಲಿಂಕ್ ಅವರ ಪ್ರಯೋಗಶಾಲೆಗೆ ತಂದನು. ಅಲ್ಲಿಂದ ನಡೆದ ಶೋಧನೆಯ ಫಲವಾಗಿ, ರಾಸಾಯನಿಕವಾಗಿ ತಯಾರಾದ ವಾರ್ಫರಿನ್ 1948ರಲ್ಲಿ ಇಲಿವಿಷವಾಗಿಯೂ 1954ರಲ್ಲಿ ಮನುಷ್ಯರ ಔಷಧವಾಗಿಯೂ ಬಳಕೆಗೆ ಬಂದಿತು. ಅದರ ಪ್ರಮಾಣವನ್ನು ನಿರ್ಧರಿಸುವ ಪ್ರೋಥ್ರಾಂಬಿನ್ ಕಾಲದ ಪರೀಕ್ಷೆಯನ್ನು 1935ರಲ್ಲಿ ರೂಪಿಸಿದವರು ಆರ್ಮಂಡ್ ಕ್ವಿಕ್. ಅದಕ್ಕೆ ಬಳಸಿದ ದ್ರವ್ಯವು ಮೊಲದ ಮೆದುಳಿನಿಂದ ಬಂದುದು. ಆದುದರಿಂದ ಮಾತ್ರೆಯಲ್ಲಿ ಪ್ರಾಣಿಜನ್ಯ ಔಷಧಾಂಶವಿಲ್ಲವೆಂದ ಮಾತ್ರಕ್ಕೆ ಅದರ ಚರಿತ್ರೆ ನಿರ್ದೋಷವೆನ್ನಲಾಗದು.

ಹಾಗಾದರೆ ಶ್ರಾವಕನು ಏನು ಮಾಡಬೇಕು? ಕೊಂದವರು ನಾವಲ್ಲವೆಂದು ಸುಮ್ಮನಾಗುವಂತಿಲ್ಲ. ಕೃತ, ಕಾರಿತ, ಅನುಮೋದನಗಳೆಂಬ ಮೂರನ್ನೂ ನಮ್ಮ ಧರ್ಮವು ಎಣಿಸುತ್ತದೆ. ಆದರೆ ವಾರ್ಫರಿನ್ ಪೂರ್ಣ ಫಲ ನೀಡಲು ಹಲವು ದಿನಗಳು ಬೇಕು, ಹೆಪಾರಿನ್‌ನದು ತಕ್ಷಣದ ಫಲ. ಪ್ರಾಣಾಪಾಯದ ವೇಳೆ ಅದನ್ನು ನಿರಾಕರಿಸುವಂತೆ ರೋಗಿಯನ್ನು ಒತ್ತಾಯಿಸುವುದು ದಯೆಯಲ್ಲ. ಸಂಪೂರ್ಣ ರಾಸಾಯನಿಕವಾದ ಫಾಂಡಾಪ್ಯಾರಿನಕ್ಸ್ 2001ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಆದರೆ ಮೂತ್ರಪಿಂಡದ ತೀವ್ರ ವೈಫಲ್ಯವುಳ್ಳವರಿಗೆ ಅದು ಸಲ್ಲದು. ಯಾವುದು ಯಾರಿಗೆ ತಕ್ಕುದೆಂಬುದನ್ನು ವೈದ್ಯರೇ ನಿರ್ಣಯಿಸಬೇಕು.

ತತ್ತ್ವಾರ್ಥಸೂತ್ರವು ಹಿಂಸೆಯ ಮೂಲದಲ್ಲಿ ಪ್ರಮಾದವನ್ನು ಕಾಣುತ್ತದೆ. ಕೇಳಲು ಅವಕಾಶವಿದ್ದೂ ಕೇಳದಿರುವುದು ಪ್ರಮಾದವೇ. ಮುಂಚಿತವಾಗಿ ನಿಗದಿಯಾದ ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರನ್ನು ವಿಚಾರಿಸಿ, ಪರ್ಯಾಯವಿದ್ದರೆ ಅದನ್ನು ಆರಿಸಿಕೊಳ್ಳಬೇಕು. ಬಸದಿಗಳ ಟ್ರಸ್ಟುಗಳು ರೋಗಿಗಳಿಗೆ ಧನಸಹಾಯದೊಂದಿಗೆ ಈ ತಿಳಿವಳಿಕೆಯನ್ನೂ ನೀಡಿದರೆ, ಅದು ಔಷಧದಾನದೊಡನೆ ಜ್ಞಾನದಾನವೂ ಆಗುತ್ತದೆ.