ಸಕ್ಕರ್ ಮೀನು: ಗಾಜಿನ ತೊಟ್ಟಿಯಿಂದ ಕೆರೆಯವರೆಗೆ

ತಳಕ್ಕಂಟಿ ಪಾಚಿ ತಿನ್ನುವ ದಕ್ಷಿಣ ಅಮೆರಿಕದ ಸಕ್ಕರ್ ಮೀನುಗಳಲ್ಲೊಂದನ್ನು ಲಿನ್ನೇಯಸ್ 1758ರಲ್ಲಿಯೇ ಹೆಸರಿಸಿದ್ದನಾದರೂ, ಅವು ಮನೆಯ ಅಕ್ವೇರಿಯಂಗೆ, ಅಂದರೆ ಅಲಂಕಾರಿಕ ಮೀನುಗಳ ಗಾಜಿನ ತೊಟ್ಟಿಗೆ, ಬಂದದ್ದು ಬಹುಕಾಲದ ನಂತರ. ಮುಂಬಯಿಯಲ್ಲಿ 1951ರಲ್ಲಿ ಆರಂಭವಾದ ತಾರಾಪೋರವಾಲಾ ಮತ್ಸ್ಯಾಲಯದಂಥ ಸಂಸ್ಥೆಗಳು ಮೀನು ನೋಡುವ ಆಸಕ್ತಿಯನ್ನು ಜನಸಾಮಾನ್ಯರಿಗೆ ತಲುಪಿಸಿದವು.

ಬೆರಳುದ್ದದ ಮರಿ ಒಂದೂವರೆ ಅಡಿಯವರೆಗೆ ಬೆಳೆದು, ತೊಟ್ಟಿ ಸಾಲದಾದಾಗ ಅದನ್ನು ಕೆರೆಗೆ ಬಿಡುವ ರೂಢಿಯಿಂದ ಈ ಮೀನು ಭಾರತದ ಹಲವು ಜಲಾಶಯಗಳಲ್ಲಿ ನೆಲೆಯೂರಿದೆ. ಜಠರದ ಮೂಲಕವೂ ಗಾಳಿಯನ್ನು ಹೀರಿಕೊಳ್ಳುವುದರಿಂದ ಆಮ್ಲಜನಕ ಕಡಿಮೆಯಾದ ನೀರಿನಲ್ಲೂ ಬದುಕಿ, ದಂಡೆಯಲ್ಲಿ ಬಿಲ ತೋಡಿ ಮೊಟ್ಟೆಯಿಟ್ಟು, ಬಲೆಗಳನ್ನು ಹರಿಯುತ್ತದೆ.

ಕೆರೆಗೆ ಬಿಟ್ಟ ಮೀನು ಹರಿವ ನೀರಿನೊಂದಿಗೆ ದೂರಕ್ಕೂ ಹೋಗಬಹುದು. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟುವ ಡೋಣಿ ನದಿಯು ಕರ್ನಾಟಕದ ವಿಜಯಪುರ ಜಿಲ್ಲೆಯನ್ನು ಹಾಯ್ದು ಕೃಷ್ಣೆಯನ್ನು ಸೇರುವುದರಿಂದ, ಜತ್ತದ ಅಕ್ವೇರಿಯಂ ಹವ್ಯಾಸಿಗಳ ಎಚ್ಚರವು ಗಡಿಯಾಚೆಯ ಮೀನುಗಾರರ ಬದುಕನ್ನೂ ಕಾಯಬಲ್ಲದು.