ಹೊನ್ನಾವರದ ಊಟ ಮತ್ತು ಇಬ್ನ್ ಬತೂತ

ಮೊರೊಕ್ಕೊದ ತಂಜಾ ಪಟ್ಟಣದಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತ ದೆಹಲಿಯಲ್ಲಿ ಕೆಲವು ವರ್ಷ ಖಾಝಿಯಾಗಿದ್ದು, 1342ರಲ್ಲಿ ಅಲ್ಲಿಂದ ಹೊರಟು ಪಶ್ಚಿಮ ಕರಾವಳಿಗೆ ಬಂದರು. ಅವರು ತಂಗಿದ ಬಂದರುಗಳಲ್ಲಿ ನಮ್ಮ ಹೊನ್ನಾವರವೂ ಒಂದು. ಇಲ್ಲಿನ ಮುಸ್ಲಿಮರು ಶಾಫಿಈ ಮದ್‌ಹಬ್‌ನವರು, ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದವರು, ಊರಿನಲ್ಲಿ ಹುಡುಗಿಯರಿಗೆ 13 ಮತ್ತು ಹುಡುಗರಿಗೆ 23 ಪಾಠಶಾಲೆಗಳಿವೆ ಎಂದು ಅವರು ತಮ್ಮ ಪ್ರವಾಸ ಕಥನದಲ್ಲಿ ಬರೆಸಿದ್ದಾರೆ. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಪುಟಗಳಲ್ಲಿ ಒಂದು ಊಟದ ವಿವರವೂ ಇದೆ. ಅದನ್ನು ಹೇಳುವವರು ಕಡಿಮೆ.

ಅಲ್ಲಿನ ಸುಲ್ತಾನ ಜಮಾಲುದ್ದೀನರ ಮನೆಯ ಊಟವದು. ತಾಮ್ರದ ಹರಿವಾಣವಿಟ್ಟು, ಸೇವಕಿ ದೊಡ್ಡ ಸೌಟಿನಿಂದ ಅನ್ನ ಬಡಿಸಿ ತುಪ್ಪ ಸುರಿಯುತ್ತಾಳೆ. ಪಕ್ಕದಲ್ಲಿ ಮೆಣಸು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿಗಳು. ಒಂದು ತುತ್ತು ಅನ್ನ, ಜೊತೆಗೆ ಒಂದಿಷ್ಟು ಉಪ್ಪಿನಕಾಯಿ. ಆಮೇಲೆ ಕೋಳಿ, ಮತ್ತೆ ಬೇರೆ ಬಗೆಯ ಕೋಳಿ, ನಂತರ ಮೀನು, ಅದಾದ ಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ. ಪ್ರತಿಯೊಂದಕ್ಕೂ ಮತ್ತೆ ಅನ್ನ. ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ಅರ್ಥ. ಕುಡಿಯಲು ಬಿಸಿನೀರು. ಸುಮಾರು ಏಳು ಶತಮಾನಗಳ ನಂತರವೂ ಈ ಕ್ರಮ ನಮಗೆ ಹೊಸದೆನಿಸುವುದಿಲ್ಲ.

ಇಬ್ನ್ ಬತೂತ ಮಾತ್ರ ರೊಟ್ಟಿ ತಿಂದು ಬೆಳೆದವರು. ಇನ್ನೊಮ್ಮೆ ಇದೇ ಸುಲ್ತಾನರ ಬಳಿ ಹನ್ನೊಂದು ತಿಂಗಳು ಇದ್ದಾಗ ರೊಟ್ಟಿಯ ಮುಖವನ್ನೇ ಕಾಣಲಿಲ್ಲವಂತೆ. ಮಲಬಾರ್, ಮಾಲ್ದೀವ್ಸ್, ಸಿಂಹಳಗಳಲ್ಲೂ ಅನ್ನವೇ. ಮೂರು ವರ್ಷ ಕಳೆಯುವಾಗ ನೀರು ಕುಡಿಯದೆ ಅನ್ನ ಗಂಟಲಿಳಿಯದ ಸ್ಥಿತಿ ಬಂತೆಂದು ಅವರೇ ಒಪ್ಪಿಕೊಂಡಿದ್ದಾರೆ. ಆದರೂ ಉಣ್ಣಿಸಿದವರ ಅಡುಗೆಯನ್ನು ಅವರು ಹಳಿಯಲಿಲ್ಲ. ಹೊನ್ನಾವರದ ಸುಲ್ತಾನರನ್ನು ಉತ್ತಮ ಅರಸರ ಸಾಲಿನಲ್ಲಿಟ್ಟು, ಜಮಾಅತ್ ನಮಾಝ್ ತಪ್ಪಿಸದವರೆಂದು ಹೊಗಳಿದರು.

ಇದು ಪ್ರವಾದಿವರ್ಯರ(ಸ) ಸುನ್ನತ್‌ನ ದಾರಿ. ಅವರು ಯಾವ ಆಹಾರಕ್ಕೂ ದೋಷ ಹೇಳುತ್ತಿರಲಿಲ್ಲ. ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲದಿದ್ದರೆ ಸುಮ್ಮನೆ ಬಿಡುತ್ತಿದ್ದರು. ಒಮ್ಮೆ ಮರುಭೂಮಿಯ ಉಡದ ಮಾಂಸ ಮುಂದೆ ಬಂದಾಗ ಅವರು ಕೈ ಹಿಂದೆ ತೆಗೆದರು. ಹರಾಮೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಅಲ್ಲ, ತಮ್ಮ ಊರಿನಲ್ಲಿ ಇದಿಲ್ಲ, ಹಾಗಾಗಿ ಮನಸ್ಸಾಗುತ್ತಿಲ್ಲ ಎಂದರು. ಖಾಲಿದ್(ರ) ಅವರ ಎದುರಲ್ಲೇ ಕುಳಿತು ತಿಂದರು. ತನ್ನ ನಾಲಿಗೆಗೆ ಒಗ್ಗದ್ದನ್ನು ಬಿಡುವುದು ಬೇರೆ, ಇನ್ನೊಬ್ಬರ ಊಟವನ್ನು ಹೀಗಳೆಯುವುದು ಬೇರೆ.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಕಲಬುರಗಿ ಕಡೆಯ ಮಗಳು ಸೊಸೆಯಾಗಿ ಕರಾವಳಿಗೆ ಬರುತ್ತಾಳೆ. ಅವಳ ಕೈಗೆ ಜೋಳದ ರೊಟ್ಟಿ ಒಗ್ಗಿದೆ, ಈ ಮನೆಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು ಬೇಕು. ಹುಳಿ ಹೆಚ್ಚಾಯಿತೆಂದು ಗಂಡ ತಟ್ಟೆ ದೂಡುತ್ತಾನೆ. “ನಿಮ್ಮ ಕಡೆ ಹೀಗೇನಾ ಮಾಡೋದು?” ಎಂದು ಅತ್ತೆ ಕೇಳುತ್ತಾರೆ. ಆ ಮಾತು ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿಯುತ್ತದೆ. ಮಸೀದಿಗೆ ಪಂಚಾಯಿತಿಗೆ ಬರುವ ಎಷ್ಟೋ ಮನೆಜಗಳಗಳ ಬುಡ ಕೆದಕಿದರೆ ಇಂಥದೇ ಒಂದು ಮಾತು ಸಿಗುತ್ತದೆ.

ರುಚಿಸದಿದ್ದರೆ ಇಬ್ನ್ ಬತೂತರಂತೆ ನೀರು ಕುಡಿದಾದರೂ ಉಂಡು ಏಳೋಣ. ವಾರಕ್ಕೊಮ್ಮೆ ಆ ಮಗಳೇ ರೊಟ್ಟಿ ತಟ್ಟಲಿ, ಮನೆಮಂದಿಯೆಲ್ಲ ಕುಳಿತು ತಿನ್ನೋಣ. ನೆರೆಮನೆಯವರಿಗೂ ಎರಡು ಕಳಿಸೋಣ.

ಅಲ್ಲಾಹನು ನಮ್ಮ ಮನೆಗಳ ಅನ್ನದಲ್ಲೂ ಮಾತಿನಲ್ಲೂ ಬರಕತ್ ನೀಡಲಿ. ಆಮೀನ್.