ಸಹಬಾಡಿಗೆ ಮತ್ತು ಸಾಲಚರಿತ್ರೆ (ಅಮೆರಿಕ ಸಂಯುಕ್ತ ಸಂಸ್ಥಾನ)

ರಕ್ತಸಂಬಂಧವಾಗಲಿ ವಿವಾಹಸಂಬಂಧವಾಗಲಿ ಇಲ್ಲದ ಇಬ್ಬರು ಅಥವಾ ಹೆಚ್ಚು ಮಂದಿ ಒಂದೇ ಅಪಾರ್ಟ್‌ಮೆಂಟನ್ನು ಹಿಡಿದು, ಬಾಡಿಗೆಯನ್ನೂ ಅಡಿಗೆಮನೆಯನ್ನೂ ಹಂಚಿಕೊಂಡು ವಾಸಿಸುವ ಪದ್ಧತಿಯು ಅಮೆರಿಕದ ನಗರಗಳಲ್ಲಿ ಸರ್ವಸಾಮಾನ್ಯವಾದುದು. ಇಂಥವರನ್ನು ಆಡುಮಾತಿನಲ್ಲಿ ರೂಮ್‌ಮೇಟುಗಳೆಂದು ಕರೆಯುತ್ತಾರೆ. ಈ ಜೊತೆಯವರಲ್ಲಿ ಒಬ್ಬನ ಸಾಲಚರಿತ್ರೆ ಕೆಟ್ಟಿದ್ದಲ್ಲಿ, ಎಂದರೆ ಅವನು ಹಿಂದೆ ಕಂತು ತಪ್ಪಿಸಿದುದೋ ದಿವಾಳಿ ಎದ್ದುದೋ ಬಾಕಿಯುಳಿಸಿ ಮನೆ ಬಿಟ್ಟುದೋ ದಾಖಲೆಯಲ್ಲಿ ನಿಂತಿದ್ದಲ್ಲಿ, ಮನೆ ದೊರೆಯುವುದು ಪ್ರಯಾಸಕರವಾಗುವುದಲ್ಲದೆ, ದೊರೆತ ಬಳಿಕ ಹೊಣೆಯ ಹಂಚಿಕೆಯೂ ಜಟಿಲವಾಗುತ್ತದೆ. ಮನೆ ಗಿಟ್ಟಿಸುವ ಉಪಾಯಗಳನ್ನು ಕುರಿತು ಜನ ಬಹಳ ಮಾತನಾಡುತ್ತಾರೆ. ಆದರೆ ಕೆಟ್ಟ ಚರಿತ್ರೆಯ ಭಾರವು ಕೊನೆಗೆ ಯಾರ ಹೆಗಲಿಗೆ ಬೀಳುತ್ತದೆಂಬುದನ್ನು ತೀರ್ಮಾನಿಸುವುದು ಕರಾರುಪತ್ರದಲ್ಲಿ ಯಾರ ಹೆಸರು ಯಾವ ಸ್ಥಾನದಲ್ಲಿದೆ ಎಂಬ ಸಂಗತಿ; ವಿಷಯದ ಮರ್ಮವಿರುವುದು ಅಲ್ಲಿ.

ಸಾಲಗಾರರ ನಡತೆಯನ್ನು ದಾಖಲಿಸಿ ವರ್ತಕರಿಗೆ ಮಾರುವ ಉದ್ಯಮವು ಆ ದೇಶದಲ್ಲಿ ಒಂದು ಶತಮಾನಕ್ಕಿಂತಲೂ ಹಳೆಯದು. ಇಂದು ಈಕ್ವಿಫ್ಯಾಕ್ಸ್ ಎಂದು ಪ್ರಸಿದ್ಧವಾಗಿರುವ ಸಂಸ್ಥೆಯು 1899ರಲ್ಲಿ ಅಟ್ಲಾಂಟಾ ನಗರದಲ್ಲಿ ರೀಟೇಲ್ ಕ್ರೆಡಿಟ್ ಕಂಪನಿಯೆಂಬ ಹೆಸರಿನಿಂದ ಹುಟ್ಟಿತು. ಅದರೊಡನೆ ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬೆರಡನ್ನು ಸೇರಿಸಿದರೆ, ಈ ಮೂರರ ಕಡತಗಳಲ್ಲಿ ದೇಶದ ಬಹುತೇಕ ವಯಸ್ಕರ ಸಾಲದ ವೃತ್ತಾಂತವು ಅಡಗಿದೆ. ಆ ವೃತ್ತಾಂತವನ್ನೆಲ್ಲ ಒಂದೇ ಸಂಖ್ಯೆಗೆ ಇಳಿಸುವ ವಿದ್ಯೆ ಬಂದುದು ತಡವಾಗಿ. ವಿಲಿಯಂ ಫೇರ್ ಎಂಬ ಎಂಜಿನಿಯರನೂ ಅರ್ಲ್ ಐಸಾಕ್ ಎಂಬ ಗಣಿತಜ್ಞನೂ ಕೂಡಿ 1956ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದ ಸಂಸ್ಥೆಯು 1989ರಲ್ಲಿ ಸಾರ್ವತ್ರಿಕ ಬಳಕೆಗೆಂದು ಹೊರತಂದ ಫೈಕೊ ಅಂಕವು 300ರಿಂದ 850ರವರೆಗೆ ಏರುತ್ತದೆ. ಅದರಲ್ಲಿ ಶೇಕಡಾ 35 ಭಾಗ ಹಿಂದಿನ ಸಾಲಗಳನ್ನು ಹೊತ್ತಿಗೆ ಸರಿಯಾಗಿ ತೀರಿಸಿದ ಬಗೆಗೂ, ಶೇಕಡಾ 30 ಭಾಗ ಈಗ ತಲೆಯ ಮೇಲಿರುವ ಸಾಲದ ಪ್ರಮಾಣಕ್ಕೂ ಸಲ್ಲುತ್ತದೆ. ಉಳಿದುದು ಚರಿತ್ರೆಯ ದೀರ್ಘತೆ, ಹೊಸ ಸಾಲ, ಸಾಲಗಳ ವೈವಿಧ್ಯ ಇವುಗಳಿಗೆ.

ಈ ಗಣನೆಯಲ್ಲಿ ಮನೆಬಾಡಿಗೆಗೆ ಪ್ರಾಯಶಃ ಸ್ಥಾನವೇ ಇಲ್ಲವೆಂಬುದು ಗಮನಿಸತಕ್ಕ ಸಂಗತಿ. ಹತ್ತು ವರ್ಷ ಪರ್ಯಂತ ತಿಂಗಳ ಮೊದಲ ದಿನವೇ ಬಾಡಿಗೆ ತೆತ್ತವನ ಪ್ರಾಮಾಣಿಕತೆಯು, ಮನೆಯೊಡೆಯನು ತಾನಾಗಿ ಅದನ್ನು ವರದಿಮಾಡಿದ ಹೊರತು, ಕಡತದ ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಮನುಷ್ಯನು ಮನೆ ಬಿಡುವಾಗ ಎರಡು ತಿಂಗಳ ಬಾಡಿಗೆಯನ್ನು ಉಳಿಸಿಹೋಗಿ, ಆ ಬಾಕಿಯು ವಸೂಲಿ ಸಂಸ್ಥೆಯ ಕೈ ಸೇರಿತೆಂದರೆ, ಏಳು ವರ್ಷಗಳವರೆಗೂ ಅದು ಅವನ ಹೆಸರಿಗೆ ಅಂಟಿಕೊಂಡಿರಬಲ್ಲುದು. ಬಾಡಿಗೆದಾರನನ್ನು ಅಳೆಯಲು ಹಿಡಿದ ಕೋಲಿನಲ್ಲಿ ಬಾಡಿಗೆಯ ಗುರುತೇ ಇಲ್ಲದಿರುವುದು ವಿಪರ್ಯಾಸವೆಂದೇ ಹೇಳಬೇಕು. ಮನೆಯೊಡೆಯರ ವಾದ ಬೇರೆ: ಕಾರಿನ ಕಂತನ್ನು ಮರೆತವನು ಮನೆಯ ಬಾಡಿಗೆಯನ್ನು ನೆನೆಯುವನೆಂಬ ಭರವಸೆಯೇನು, ಎಂದು ಅವರು ಕೇಳುತ್ತಾರೆ. ಈ ವಾದವು ಪೂರ್ತಿ ಟೊಳ್ಳಲ್ಲ. ಆದರೆ ತಲೆಯ ಮೇಲಣ ಸೂರು ಹೋದೀತೆಂಬ ಭಯವಿರುವವನು ಎಲ್ಲಕ್ಕಿಂತ ಮೊದಲು ಬಾಡಿಗೆ ಕಟ್ಟಿ, ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಮುಂದಕ್ಕೆ ತಳ್ಳುವುದೂ ಅಷ್ಟೇ ಸಹಜವಾದುದು.

ಈ ಕಡತಗಳ ಉಪಯೋಗವನ್ನು ನಿಯಂತ್ರಿಸುವ ಮುಖ್ಯ ಶಾಸನವು 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್. ಅದರ ಪ್ರಕಾರ ಪ್ರತಿಕೂಲವಾದ ಬಹುತೇಕ ದಾಖಲೆಗಳು ಏಳು ವರ್ಷಗಳಾದ ಮೇಲೂ, ದಿವಾಳಿಯ ದಾಖಲೆಯು ಹತ್ತು ವರ್ಷಗಳಾದ ಮೇಲೂ ವರದಿಯಿಂದ ಅಳಿಯತಕ್ಕದ್ದು. ವರದಿಯ ಆಧಾರದಿಂದ ಮನೆಯೊಡೆಯನು ಅರ್ಜಿಯನ್ನು ನಿರಾಕರಿಸಿದರೆ, ಅಷ್ಟೇ ಅಲ್ಲ, ಹೆಚ್ಚಿನ ಠೇವಣಿಯನ್ನೋ ಜಾಮೀನುದಾರನನ್ನೋ ಕೇಳಿದರೂ ಸಹ, ವರದಿ ಕೊಟ್ಟ ಸಂಸ್ಥೆಯ ಹೆಸರನ್ನು ತಿಳಿಸುವ ನೋಟೀಸನ್ನು ಅರ್ಜಿದಾರನಿಗೆ ನೀಡಲೇಬೇಕು. ಅರ್ಜಿದಾರನು 60 ದಿನಗಳೊಳಗೆ ಆ ವರದಿಯ ಪ್ರತಿಯನ್ನು ಉಚಿತವಾಗಿ ಪಡೆದು, ತಪ್ಪಿದ್ದರೆ ತಕರಾರು ಹೂಡಬಹುದು. ಹೆಸರಿನ ಸಾಮ್ಯದಿಂದ ಒಬ್ಬನ ಸಾಲವು ಇನ್ನೊಬ್ಬನ ಕಡತಕ್ಕೆ ಸೇರುವುದೂ ಉಂಟಾದುದರಿಂದ ಈ ಹಕ್ಕು ಅಲಂಕಾರಕ್ಕೆ ಇರುವುದಲ್ಲ. ಮನೆ ಖಾಲಿಮಾಡಿಸುವ ದಾವೆಗಳು ಮಾತ್ರ ಬೇರೊಂದು ಹಾದಿಯಿಂದ ಬರುತ್ತವೆ. ಬಾಡಿಗೆದಾರರನ್ನು ಪರಿಶೋಧಿಸುವುದನ್ನೇ ಕಸುಬಾಗಿಸಿಕೊಂಡ ಕಂಪನಿಗಳು ನ್ಯಾಯಾಲಯದ ದಾಖಲೆಗಳಿಂದ ಅವನ್ನು ಹೆಕ್ಕಿ ಒಡೆಯನ ಮುಂದಿಡುವುದರಿಂದ, ಅಂಕವು ಸುಧಾರಿಸಿದವನಿಗೂ ಹಳೆಯ ದಾವೆಯೊಂದು ಅಡ್ಡಬರಬಹುದು.

ಇಬ್ಬರು ಕೂಡಿ ಮನೆ ಕೇಳಲು ಹೋದಾಗ, ಅರ್ಜಿ ಒಂದೇ ಎಂದು ಭಾವಿಸುವುದು ಸರಿಯಲ್ಲ. ವಯಸ್ಕರಾದ ಪ್ರತಿಯೊಬ್ಬರೂ ಪ್ರತ್ಯೇಕ ಅರ್ಜಿಯನ್ನು ತುಂಬಿ, ಪ್ರತ್ಯೇಕ ಶುಲ್ಕವನ್ನು ತೆತ್ತು, ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಹಿಂದಿನ ಒಡೆಯನ ವಿಳಾಸ ಇತ್ಯಾದಿಯಾಗಿ ತಮ್ಮ ಪ್ರವರವನ್ನೆಲ್ಲ ಒಪ್ಪಿಸಬೇಕಾಗುತ್ತದೆ. ಆದಾಯವನ್ನು ಸಾಮಾನ್ಯವಾಗಿ ಇಬ್ಬರದನ್ನೂ ಕೂಡಿಸಿ ನೋಡುವರು: ತಿಂಗಳ ಒಟ್ಟು ಆದಾಯವು ಬಾಡಿಗೆಯ ಮೂರರಷ್ಟಿರಬೇಕೆಂಬುದು ಅನೇಕ ಕಡೆಗಳ ರೂಢಿ, ನ್ಯೂಯಾರ್ಕ್ ನಗರದಲ್ಲಿ ವಾರ್ಷಿಕ ಆದಾಯವು ತಿಂಗಳ ಬಾಡಿಗೆಯ 40ರಷ್ಟಿರಬೇಕೆಂದು ಕೇಳುವರು. ಅಂಕವನ್ನಾದರೋ ಹೀಗೆ ಕೂಡಿಸಲು ಬಾರದು. ಮನೆಗಳನ್ನು ಬಾಡಿಗೆಗೆ ಕೊಡುವ ಕೆಲವು ಕಂಪನಿಗಳು ಸರಾಸರಿಯನ್ನು ಹಿಡಿಯುತ್ತವೆ, ಕೆಲವು ಇಬ್ಬರಲ್ಲಿ ಕಡಿಮೆಯದನ್ನೇ ಹಿಡಿಯುತ್ತವೆ. ಒಂದೆರಡು ಮನೆಗಳನ್ನಷ್ಟೇ ಬಾಡಿಗೆಗೆ ಕೊಡುವ ಖಾಸಗಿ ಒಡೆಯನಾದರೆ ಎದುರಿಗೆ ಕುಳಿತು ಮಾತನಾಡಿಸಿ, ಕಷ್ಟದ ಕಾರಣವನ್ನು ಕೇಳಿ, ಹಿಂದಿನ ಒಡೆಯನ ಪತ್ರವನ್ನು ನೋಡಿ ಒಪ್ಪುವುದುಂಟು. ಕೆಟ್ಟ ಚರಿತ್ರೆಯವರು ದೊಡ್ಡ ವಸತಿ ಸಂಕೀರ್ಣಗಳನ್ನು ಬಿಟ್ಟು ಇಂಥವರನ್ನು ಅರಸುವುದು ಇದರಿಂದಲೇ.

ಸಹಿಯಾದ ಕರಾರುಪತ್ರದಲ್ಲಿ ಸಾಮಾನ್ಯವಾಗಿ ಒಂದು ವಾಕ್ಯವಿರುತ್ತದೆ: ಬಾಡಿಗೆದಾರರು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಬಾಧ್ಯರು. ಈ ವಾಕ್ಯವನ್ನು ಓದದೆ ಸಹಿಮಾಡುವವರೇ ಹೆಚ್ಚು. ಬಾಡಿಗೆಯು ತಿಂಗಳಿಗೆ 2,400 ಡಾಲರ್ ಎಂದೂ, ಇಬ್ಬರೂ ತಲಾ 1,200 ಕೊಡುವುದೆಂದು ತಮ್ಮೊಳಗೆ ಮಾತಾಡಿಕೊಂಡಿದ್ದಾರೆಂದೂ ಭಾವಿಸೋಣ. ಒಬ್ಬನು ಕೆಲಸ ಕಳೆದುಕೊಂಡು ತನ್ನ ಪಾಲನ್ನು ನಿಲ್ಲಿಸಿದರೆ, ಇನ್ನೊಬ್ಬನು ತನ್ನ 1,200ನ್ನು ಮೊದಲ ತಾರೀಖಿಗೇ ಕಟ್ಟಿ ನಿಶ್ಚಿಂತನಾಗುವಂತಿಲ್ಲ. ಒಡೆಯನ ದೃಷ್ಟಿಯಲ್ಲಿ ಬಂದಿರುವುದು ಅರ್ಧ ಬಾಡಿಗೆ. ಉಳಿದರ್ಧಕ್ಕೆ ಅವನು ಇಬ್ಬರಲ್ಲಿ ಯಾರನ್ನು ಬೇಕಾದರೂ ಹಿಡಿಯಬಹುದು, ಮತ್ತು ವ್ಯವಹಾರ ಬಲ್ಲ ಒಡೆಯನು ಕೊಡಬಲ್ಲವನನ್ನೇ ಹಿಡಿಯುತ್ತಾನೆ. ಅರ್ಧ ಬಾಡಿಗೆಯ ಬಾಕಿಗಾಗಿ ಹೂಡುವ ದಾವೆಯಲ್ಲಿ ಇಬ್ಬರ ಹೆಸರೂ ಇರುತ್ತದೆ. ಹೀಗಾಗಿ, ಅರ್ಜಿಯ ಹೊತ್ತಿನಲ್ಲಿ ಕೆಟ್ಟ ಅಂಕದವನಿಂದ ಒಡೆಯನಿಗೆ ಅಪಾಯವೆಂದು ತೋರುವುದು, ಸಹಿಯಾದ ಮರುಕ್ಷಣದಿಂದ ಬಹುಮಟ್ಟಿಗೆ ಒಳ್ಳೆಯ ಅಂಕದವನ ಅಪಾಯವಾಗಿ ಮಾರ್ಪಡುತ್ತದೆ. ಒಡೆಯನಿಗೆ ಹಿಡಿಯಲು ಒಂದು ಗಟ್ಟಿ ಕೈ ಸಿಕ್ಕಿರುತ್ತದೆ.

ಇದನ್ನರಿತವರು ಬೇರೆ ಮಾರ್ಗಗಳನ್ನು ಹಿಡಿಯುವುದುಂಟು. ಒಳ್ಳೆಯ ಅಂಕವುಳ್ಳವನೊಬ್ಬನೇ ಕರಾರಿಗೆ ಸಹಿಮಾಡಿ, ಇನ್ನೊಬ್ಬನು ನಿವಾಸಿಯೆಂದು ಮಾತ್ರ ನಮೂದಾಗುವುದು ಒಂದು ಬಗೆ. ನ್ಯೂಯಾರ್ಕ್ ರಾಜ್ಯದಲ್ಲಿ 1983ರಿಂದ ಜಾರಿಯಲ್ಲಿರುವ ಕಾನೂನೊಂದು, ಕರಾರಿನಲ್ಲಿ ಒಬ್ಬನೇ ಬಾಡಿಗೆದಾರನಿರುವಲ್ಲಿ ಅವನು ತನ್ನ ಕುಟುಂಬದವರಲ್ಲದೆ ಹೊರಗಿನ ಇನ್ನೊಬ್ಬ ನಿವಾಸಿಯನ್ನು ಇರಿಸಿಕೊಳ್ಳಲು ಅವಕಾಶವೀಯುತ್ತದೆ. ಒಡೆಯನು ಕೇಳಿದರೆ 30 ದಿನಗಳೊಳಗೆ ಆ ನಿವಾಸಿಯ ಹೆಸರನ್ನು ತಿಳಿಸಬೇಕು. ಆದರೆ ಮೂಲ ಬಾಡಿಗೆದಾರನು ಮನೆ ಬಿಟ್ಟನೆಂದರೆ, ನಿವಾಸಿಗೆ ಅಲ್ಲಿ ಮುಂದುವರಿಯುವ ಹಕ್ಕು ಈ ಕಾನೂನಿನಿಂದ ಬರುವುದಿಲ್ಲ. ಹೊಣೆಯೂ ಇಲ್ಲ, ಹಕ್ಕೂ ಇಲ್ಲ. ಒಡೆಯನ ಒಪ್ಪಿಗೆ ಪಡೆದು ಒಳಬಾಡಿಗೆಗೆ ಇರುವುದು ಇನ್ನೊಂದು ಬಗೆ. ವಿಶ್ವವಿದ್ಯಾನಿಲಯಗಳಿರುವ ಊರುಗಳ ಕೆಲವು ಸಂಕೀರ್ಣಗಳಲ್ಲಂತೂ ಒಂದೊಂದು ಕೋಣೆಗೂ ಪ್ರತ್ಯೇಕ ಕರಾರು ಬರೆಯುವ ಪದ್ಧತಿಯಿದ್ದು, ಅಲ್ಲಿ ಪಕ್ಕದ ಕೋಣೆಯವನು ಬಾಡಿಗೆ ಕೊಡದಿದ್ದರೆ ಅದು ಅವನ ಮತ್ತು ಕಂಪನಿಯ ನಡುವಣ ವ್ಯಾಜ್ಯ. ಬಾಡಿಗೆ ಕೊಂಚ ಹೆಚ್ಚಾದರೂ, ಅಪರಿಚಿತರೊಡನೆ ಇರಬೇಕಾದವರಿಗೆ ಇದಕ್ಕಿಂತ ಉತ್ತಮವಾದ ಏರ್ಪಾಡು ಈ ಲೇಖಕನಿಗೆ ತೋರುವುದಿಲ್ಲ.

ಹೆಚ್ಚು ಠೇವಣಿ ಕೊಟ್ಟು ಒಡೆಯನ ಅನುಮಾನವನ್ನು ಪರಿಹರಿಸುವ ಹಳೆಯ ಉಪಾಯಕ್ಕೆ ಈಚೆಗೆ ಕಾನೂನೇ ಅಡ್ಡಬಂದಿದೆ. ನ್ಯೂಯಾರ್ಕ್ ರಾಜ್ಯವು 2019ರಲ್ಲಿ ಠೇವಣಿಯನ್ನು ಒಂದು ತಿಂಗಳ ಬಾಡಿಗೆಗೆ ಸೀಮಿತಗೊಳಿಸಿತು. ಕ್ಯಾಲಿಫೋರ್ನಿಯ 2024ರ ಜುಲೈ 1ರಿಂದ, ಸಣ್ಣ ಒಡೆಯರಿಗೆ ತುಸು ವಿನಾಯಿತಿಯಿತ್ತು, ಅದನ್ನೇ ಅನುಸರಿಸಿತು. ಬಾಡಿಗೆದಾರರ ಹಿತಕ್ಕಾಗಿ ಮಾಡಿದ ಈ ನಿಯಮವು, ಕೈಯಲ್ಲಿ ಹಣವಿದ್ದೂ ಅಂಕವಿಲ್ಲದವನಿಗೆ ಒಂದು ಬಾಗಿಲನ್ನು ಮುಚ್ಚಿತೆಂಬುದನ್ನೂ ಹೇಳದಿರಲಾಗದು. ಆಗ ಉಳಿಯುವುದು ಜಾಮೀನುದಾರ. ತಂದೆಯೋ ಬಂಧುವೋ ಜಾಮೀನು ನಿಲ್ಲಬೇಕಾದರೆ ನ್ಯೂಯಾರ್ಕ್ ನಗರದಲ್ಲಿ ಅವರ ವಾರ್ಷಿಕ ಆದಾಯವು ತಿಂಗಳ ಬಾಡಿಗೆಯ 80ರಷ್ಟಿರಬೇಕೆಂಬುದು ವಾಡಿಕೆ. ಅಂಥ ಬಂಧುಗಳಿಲ್ಲದವರಿಗೆ ಶುಲ್ಕ ಪಡೆದು ಜಾಮೀನು ನಿಲ್ಲುವ ಕಂಪನಿಗಳೂ ಇವೆ. ಒಬ್ಬ ರೂಮ್‌ಮೇಟಿಗೆಂದು ನಿಂತ ಜಾಮೀನುದಾರನು, ಪತ್ರದ ಒಕ್ಕಣೆಯನ್ನನುಸರಿಸಿ, ಇಡೀ ಮನೆಯ ಬಾಡಿಗೆಗೆ ಸಿಕ್ಕಿಬೀಳುವ ಸಂಭವವಿರುವುದರಿಂದ ಒಕ್ಕಣೆಯನ್ನು ಓದಿಯೇ ಸಹಿಮಾಡತಕ್ಕದ್ದು.

ಕನ್ನಡಿಗರಿಗೆ ಈ ವಿಷಯವು ಎದುರಾಗುವುದು ಬೇರೊಂದು ರೂಪದಲ್ಲಿ. ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಆಗಸ್ಟಿನಲ್ಲಿ ಹೋಗಿ ಇಳಿಯುವ ವಿದ್ಯಾರ್ಥಿಯ ಸಾಲಚರಿತ್ರೆ ಕೆಟ್ಟಿರುವುದಿಲ್ಲ, ಅದು ಇರುವುದೇ ಇಲ್ಲ. ಊರಿನಲ್ಲಿ ಸಿಬಿಲ್ ಅಂಕವು ಎಷ್ಟೇ ಇದ್ದರೂ, ಮೇಲೆ ಹೇಳಿದ ಮೂರು ಕಡತಗಳಿಗೆ ಅದು ತಾನಾಗಿ ಹೋಗಿ ಸೇರುವುದಿಲ್ಲ. ಅಮೆರಿಕದಲ್ಲಿಯೇ ಹೀಗೆ ಕಡತವಿಲ್ಲದ ವಯಸ್ಕರು ಸುಮಾರು 2 ಕೋಟಿ 60 ಲಕ್ಷ ಮಂದಿ ಇದ್ದರೆಂದು ಅಲ್ಲಿಯ ಗ್ರಾಹಕ ಹಣಕಾಸು ಸಂರಕ್ಷಣಾ ಇಲಾಖೆಯು 2015ರಲ್ಲಿ ವರದಿಮಾಡಿತು. ಹೊಸಬನು ಪಾಸ್‌ಪೋರ್ಟ್, ವಿಶ್ವವಿದ್ಯಾನಿಲಯದ ಪತ್ರ, ಶಿಕ್ಷಣಸಾಲ ಮಂಜೂರಾದ ಬ್ಯಾಂಕಿನ ಕಾಗದ ಇವನ್ನು ಹಿಡಿದು ಸಂಕೀರ್ಣದ ಕಚೇರಿಗೆ ಅಲೆಯುವುದಕ್ಕಿಂತ, ಮೊದಲೇ ಮನೆ ಮಾಡಿಕೊಂಡಿರುವ ಸೀನಿಯರ್ ಒಬ್ಬರ ಬಳಿಗೆ ಹೋಗುವುದೇ ಹೆಚ್ಚು. "ಮೊದಲು ಬಂದು ಹಾಲಿನಲ್ಲಿ ಇರಪ್ಪ, ಹೆಸರು ಆಮೇಲೆ ಸೇರಿಸಿದರಾಯಿತು" ಎನ್ನುವ ಸೀನಿಯರಿನ ಔದಾರ್ಯವು ನಿಜವಾದುದೇ. ಆದರೆ ಹೆಸರು ಸೇರುವವರೆಗೆ ಕಾನೂನಿನ ಹೊಣೆಯೆಲ್ಲವೂ ಆತನದು, ಮತ್ತು ಕರಾರಿನಲ್ಲಿ ನಮೂದಾದವರಿಗಿಂತ ಹೆಚ್ಚು ಜನರನ್ನು ಇರಿಸಿಕೊಂಡದ್ದು ಒಡೆಯನಿಗೆ ತಿಳಿದರೆ ಕರಾರುಭಂಗದ ನೋಟೀಸು ಬರುವುದೂ ಆತನಿಗೇ.

ಬೆಂಗಳೂರಿನ ಮನೆಯೊಡೆಯರು ಅಂಕ ಕೇಳದೆ ಊರು, ಉದ್ಯೋಗ, ಊಟದ ಪದ್ಧತಿ ಇವನ್ನು ವಿಚಾರಿಸಿ ತೃಪ್ತರಾಗುವುದಕ್ಕೆ ಮುಖ್ಯ ಕಾರಣ ಅಡ್ವಾನ್ಸು. ಹತ್ತು ತಿಂಗಳ ಬಾಡಿಗೆಯನ್ನು ಮೊದಲೇ ಕೈಯಲ್ಲಿ ಹಿಡಿದವನಿಗೆ ಬಾಡಿಗೆದಾರನ ಪೂರ್ವಚರಿತ್ರೆಯ ಹಂಗಿಲ್ಲ. ಠೇವಣಿ ಒಂದೇ ತಿಂಗಳದಾದಲ್ಲಿ ಒಡೆಯನು ಕಡತವನ್ನು ನಂಬಬೇಕಾಗುತ್ತದೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗಳ ಠೇವಣಿಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿರುವುದರಿಂದ, ಆ ಮಿತಿ ಬಳಕೆಗೆ ಬಂದಲ್ಲಿ ನಮ್ಮ ಒಡೆಯರೂ ಸಿಬಿಲ್ ಅಂಕವನ್ನು ಕೇಳಲಾರಂಭಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಅಮೆರಿಕದ ಮಾತಿಗೆ ಮರಳಿದರೆ, ಅಲ್ಲಿ ರೂಮ್‌ಮೇಟುಗಳು ತಮ್ಮೊಳಗೆ ಬರೆದುಕೊಳ್ಳುವ ಒಪ್ಪಂದವು ಒಡೆಯನನ್ನು ಕಟ್ಟಿಹಾಕುವುದಿಲ್ಲ. ಬಾಡಿಗೆಯ ಪಾಲು, ವಿದ್ಯುತ್ ಬಿಲ್ಲು, ಠೇವಣಿಯಲ್ಲಿ ಯಾರದೆಷ್ಟು ಎಂಬುದನ್ನು ಬರೆದಿಟ್ಟಿದ್ದರೆ, ಇಬ್ಬರ ಪಾಲನ್ನೂ ತೆತ್ತವನು ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ವಕೀಲನಿಲ್ಲದೆಯೇ ತನ್ನ ಹಣವನ್ನು ಕೇಳಬಹುದು. ನಡುವೆ ಒಬ್ಬನು ಮನೆ ಬಿಟ್ಟರೆ ಠೇವಣಿಯನ್ನು ಒಡೆಯನು ಆಗಲೇ ಮರಳಿಸುವುದಿಲ್ಲ. ಮನೆ ಪೂರ್ತಿ ಖಾಲಿಯಾಗುವವರೆಗೆ ಅದು ಅಲ್ಲಿಯೇ ಉಳಿಯುವುದರಿಂದ, ಹೋಗುವವನು ತನ್ನ ಪಾಲನ್ನು ಉಳಿಯುವವನಿಂದಲೋ ಹೊಸದಾಗಿ ಬರುವವನಿಂದಲೋ ಪಡೆದುಕೊಳ್ಳಬೇಕು. ಹೋಗುವವನ ಹೆಸರನ್ನು ಕರಾರಿನಿಂದ ತೆಗೆಯುವುದಕ್ಕೂ ಒಡೆಯನ ಲಿಖಿತ ಸಮ್ಮತಿ ಬೇಕು, ಮತ್ತು ಅದಕ್ಕೆ ಮೊದಲು ಅನೇಕ ಕಂಪನಿಗಳು ಉಳಿಯುವವನನ್ನು ಹೊಸ ಅರ್ಜಿದಾರನಂತೆಯೇ ಮತ್ತೆ ಪರಿಶೋಧಿಸುತ್ತವೆ. ಒಳ್ಳೆಯ ಅಂಕದವನು ಮದುವೆಯೋ ವರ್ಗಾವಣೆಯೋ ಆಗಿ ಹೊರಟಾಗ, ಅವನ ಆಸರೆಯಿಂದ ಒಳಬಂದಿದ್ದವನು ಒಬ್ಬನೇ ತನ್ನ ಆದಾಯದಿಂದ ಇಡೀ ಬಾಡಿಗೆಗೆ ಅರ್ಹನೆಂದು ತೋರಿಸಬೇಕಾಗುತ್ತದೆ. ಆಗದಿದ್ದಲ್ಲಿ, ಹೋದವನ ಹೆಸರು ಕರಾರಿನ ಅವಧಿ ಮುಗಿಯುವವರೆಗೂ ಅದರಲ್ಲಿಯೇ ಇರುತ್ತದೆ.